ಕಾಚಿಗುಡದಿಂದ ಕೂಕಟ್‌ಪಲ್ಲಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಮಾತು ಹುಟ್ಟಿದ ಕಾಲದಲ್ಲಿ ಮನೆಯನ್ನು ಎಲ್ಲಿ ಕಟ್ಟಬೇಕೆಂಬುದು ಪ್ರಶ್ನೆಯೇ ಆಗಿರಲಿಲ್ಲ. ಅಜ್ಜನ ಹಿತ್ತಿಲು, ಅಪ್ಪನ ಹೊಲ, ಊರದೇವರ ಗುಡಿ ಎಲ್ಲಿವೆಯೋ ಅಲ್ಲಿಯೇ ಮನೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಮಾತ್ರ ಮನೆಗಿಂತ ಮೊದಲು ಕೇರಿಯನ್ನು ಹುಡುಕುವ ಕೆಲಸ ಬೀಳುತ್ತದೆ. ನೀರು ಬರುವುದೆ? ಮಕ್ಕಳಿಗೆ ಒಳ್ಳೆಯ ಶಾಲೆಯುಂಟೆ? ನೆರೆಯವರು ನಮ್ಮನ್ನು ಪರಕೀಯರೆಂದು ಕಾಣದೆ ಬರಮಾಡಿಕೊಳ್ಳುವರೆ? ಹೈದರಾಬಾದಿಗೆ ಬಂದ ಕನ್ನಡಿಗರು ಈ ಪ್ರಶ್ನೆಗಳನ್ನು ಹಲವು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಉತ್ತರಗಳೇ ಈ ನಗರದ ಕನ್ನಡಿಗರ ಚರಿತ್ರೆಯ ಒಂದು ಭಾಗವಾಗಿವೆ. ನಾವು ಚರಿತ್ರಕಾರರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೆ ಜಮೆಯನ್ನೂ ಖರ್ಚನ್ನೂ ಎದುರುಬದುರಾಗಿ ಇಟ್ಟು ನೋಡುವ ಅಭ್ಯಾಸವಿರುವುದರಿಂದ, ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ಆ ಲೆಕ್ಕವನ್ನು ವಾಚಕರ ಮುಂದಿಡಲು ಧೈರ್ಯಮಾಡಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಈ ನೆಲದಲ್ಲಿ ಕನ್ನಡ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಆದಿಕವಿ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಕೂಕಟ್‌ಪಲ್ಲಿಯಿಂದ ಮುಂಬಯಿ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಸಿಕ್ಕುವ ಪಟಾನ್‌ಚೆರುವನ್ನು ಕಲ್ಯಾಣದ ಚಾಲುಕ್ಯರ ನೆಲೆವೀಡಾಗಿದ್ದ ಪೊಟ್ಟಳಕೆರೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ದೇವರ ದಾಸಿಮಯ್ಯನ ಕಥೆಯಲ್ಲಿ ಬರುವ ಪೊಟ್ಟಳಕೆರೆ ಅದೇ. ಒಂದೇ ಬಂಡೆಯ ಮೇಲೆ ಮೂರು ಭಾಷೆಗಳು ಜಗಳವಿಲ್ಲದೆ ಕುಳಿತ ಈ ನಾಡಿನಲ್ಲಿ, ಒಂದೇ ಬೀದಿಯಲ್ಲಿ ಮೂರು ಭಾಷೆಗಳ ಮನೆಗಳಿರುವುದು ಹೊಸ ಸಂಗತಿಯೇನೂ ಅಲ್ಲ.

ಇನ್ನು ಸಮೀಪದ ಕಾಲಕ್ಕೆ ಬರೋಣ. ನಿಜಾಮರ ಹೈದರಾಬಾದು ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಗುಲ್ಬರ್ಗ, ಬೀದರ, ರಾಯಚೂರುಗಳ ಕನ್ನಡಿಗನಿಗೆ ರಾಜಧಾನಿಯೆಂದರೆ ಹೈದರಾಬಾದೇ. ಕೋರ್ಟು, ಕಚೇರಿ, ಉನ್ನತ ವಿದ್ಯೆ ಎಲ್ಲಕ್ಕೂ ಇಲ್ಲಿಗೇ ಬರಬೇಕು. ಆದರೆ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದು. 53ನೆಯ ಗಸ್ತಿ ಆಜ್ಞೆಯ ತರುವಾಯ ಸಾರ್ವಜನಿಕ ಸಭೆ ಸೇರಿಸಬೇಕಾದರೆ ಮುಂಚಿತವಾಗಿ ಅಪ್ಪಣೆ ಬೇಕಾಗುತ್ತಿತ್ತು. ಇಂಥ ಕಾಲದಲ್ಲಿ ಕನ್ನಡಿಗನು ನಗರದಲ್ಲಿ ಮನೆ ಮಾಡುವಾಗ ಎಲ್ಲಿಗೆ ಹೋದನು?

ಅವನು ಬ್ರಿಟಿಷ್ ರೆಸಿಡೆನ್ಸಿಯ ಸುತ್ತಿನ ಸುಲ್ತಾನ್ ಬಜಾರು, ಚಾದರಘಾಟು, ಕಾಚಿಗುಡಗಳ ಕಡೆಗೆ ಹೋದನು. ಇದಕ್ಕೆ ಕಾರಣವಿತ್ತು. ರೆಸಿಡೆನ್ಸಿ ಬಜಾರುಗಳು 1933ರವರೆಗೆ ರೆಸಿಡೆಂಟರ ಅಧಿಕಾರಕ್ಕೆ ಒಳಪಟ್ಟಿದ್ದುದರಿಂದ ಅಲ್ಲಿ ಭಾಷೆ, ಸಾಹಿತ್ಯಗಳ ಕೆಲಸಕ್ಕೆ ಕೊಂಚ ಉಸಿರಾಡಲು ಎಡೆಯಿತ್ತು. ತೆಲುಗರ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯವು 1901ರಲ್ಲಿ ಹುಟ್ಟಿದ್ದು ಆ ಆವರಣದಲ್ಲಿಯೇ. ಮರಾಠಿಗರ ವಿವೇಕವರ್ಧಿನಿ 1907ರಲ್ಲಿ ಆರಂಭವಾಯಿತು. 1916ರಲ್ಲಿ ಕಾಚಿಗುಡದ ರೈಲು ನಿಲ್ದಾಣದ ಕಟ್ಟಡ ಎದ್ದಿತು. ಕನ್ನಡಿಗರೂ ಅದೇ ನೆರೆಯಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನು ಕಟ್ಟಿದರು. ನೃಪತುಂಗನ ಹೆಸರಿನಲ್ಲಿ ಶಾಲೆಯನ್ನು ತೆರೆದರು. ಮಳಖೇಡದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿಯ ಹೆಸರನ್ನು ಕಾಚಿಗುಡದ ಬಾಗಿಲಿಗೆ ಬರೆದವರ ಅಭಿಮಾನ ಎಂಥದಿದ್ದಿರಬೇಕು! ಮಾನ್ವಿ ನರಸಿಂಗರಾಯರು, ಡಿ.ಕೆ. ಭೀಮಸೇನರಾಯರು ಮೊದಲಾದ ಹಿರಿಯರು ಈ ನಗರದಲ್ಲಿ ಕನ್ನಡದ ದೀಪಕ್ಕೆ ಎಣ್ಣೆ ಎರೆದವರು. ಆ ಕಾಲದವರು ಶಾಲೆಯಿದ್ದ ಕಡೆಗೆ ಮನೆ ಮಾಡಿದರು. ಮನೆಗಳು ಹೆಚ್ಚಿದ ಕಡೆ ಶಾಲೆಯನ್ನು ಬೆಳೆಸಿದರು. ಮನೆಗೂ ಶಾಲೆಗೂ ಮಾತಿಗೂ ನಡುವೆ ಕಾಲ್ನಡಿಗೆಯ ದೂರವಷ್ಟೇ ಇತ್ತು.

1956ರ ನವೆಂಬರ್ 1ರಂದು ಸಂಸ್ಥಾನದ ಮೂರು ಭಾಗಗಳು ಮೂರು ರಾಜ್ಯಗಳಿಗೆ ಹೋದವು. ಕನ್ನಡ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ. ಹೈದರಾಬಾದಿನ ಕನ್ನಡಿಗರಿಗೆ ಅದು ಹಬ್ಬವೂ ಹೌದು, ಅಗಲಿಕೆಯೂ ಹೌದು. ಸರ್ಕಾರಿ ನೌಕರರಲ್ಲಿ ಅನೇಕರು ಬೆಂಗಳೂರಿಗೆ ಹೊರಟರು. ಮನೆ ಮಾಡಿಕೊಂಡಿದ್ದವರು, ವ್ಯಾಪಾರವಿದ್ದವರು, ಮಕ್ಕಳನ್ನು ಓದಿಗೆ ಬಿಟ್ಟಿದ್ದವರು ಇಲ್ಲಿಯೇ ಉಳಿದರು. ನಿನ್ನೆಯವರೆಗೆ ತಮ್ಮ ರಾಜಧಾನಿಯಾಗಿದ್ದ ಊರಿನಲ್ಲಿ ಅವರು ಬೆಳಗಾಗುವುದರೊಳಗೆ ಅಲ್ಪಸಂಖ್ಯಾತರಾದರು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ನವೆಂಬರ್ 1 ನಮಗೆ ರಾಜ್ಯೋತ್ಸವದ ದಿನ. ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 1956ರ ನವೆಂಬರ್ 1ರಂದೇ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗವು, ಗಡಿಯನ್ನು ಎಷ್ಟೇ ಜಾಣತನದಿಂದ ಎಳೆದರೂ ಗೆರೆಯ ಆಚೆ ಕೆಲವರು ಉಳಿದೇ ಉಳಿಯುತ್ತಾರೆಂಬುದನ್ನು ಅರಿತಿತ್ತು. ಆದ್ದರಿಂದಲೇ ಸಂವಿಧಾನದಲ್ಲಿ 350-ಎ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದೆಂದು ಅದರ ತಾತ್ಪರ್ಯ. ಎಂದರೆ, ಗಡಿಯ ಒಳಗಿನವರಿಗೆ ರಾಜ್ಯ ದೊರೆತ ದಿನವೇ ಹೊರಗಿನವರಿಗೆ ಈ ಅಭಯ ದೊರೆಯಿತು. ಒಳನಾಡಿನವರು ನವೆಂಬರ್ 1ರಂದು ಧ್ವಜ ಹಾರಿಸುವಾಗ, ಹೊರನಾಡಿನ ನಾವು ಇದನ್ನೂ ನೆನೆಯುವುದು ಉಚಿತ.

ಈ ಅಭಯಕ್ಕೆ ಒಂದು ಅಳತೆಗೋಲೂ ಇತ್ತು. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ ಒಟ್ಟು 40 ಮಕ್ಕಳಾಗಲಿ ಒಂದು ತರಗತಿಯಲ್ಲಿ 10 ಮಕ್ಕಳಾಗಲಿ ಅಲ್ಪಸಂಖ್ಯಾತ ಭಾಷೆಯವರಿದ್ದರೆ ಅವರಿಗೆ ಆ ಭಾಷೆಯ ಉಪಾಧ್ಯಾಯರೊಬ್ಬರನ್ನು ಒದಗಿಸಬೇಕೆಂದು ನಿರ್ಣಯಿಸಿತ್ತು. 1956ರ ಕೇಂದ್ರ ಸರ್ಕಾರದ ಜ್ಞಾಪನಪತ್ರವೂ ಅದನ್ನೇ ಎತ್ತಿಹಿಡಿಯಿತು. ತರಗತಿಗೆ ಹತ್ತು ಮಕ್ಕಳು: ಈ ಸಂಖ್ಯೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಲಿ, ಕೊನೆಯಲ್ಲಿ ಅದರ ಕೆಲಸವಿದೆ.

ರಾಜ್ಯ ಹರಿದರೂ ಕೆಲವು ನಂಟುಗಳು ಹರಿಯಲಿಲ್ಲ. 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕೆಂದು ಹುಟ್ಟಿದ ಸಂಸ್ಥೆಯು 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಾಯಿತು. ಅದರ ಶಾಖೆಗಳು ಗುಲ್ಬರ್ಗ, ಬೀದರ, ರಾಯಚೂರುಗಳಲ್ಲಿಯೂ ಮುಂದುವರಿದವು. ಹೀಗಾಗಿ ರಾಜ್ಯ ಒಡೆದ ಮೇಲೂ ಕನ್ನಡದ ಗುಮಾಸ್ತನು ವರ್ಗವಾಗಿ ಹೈದರಾಬಾದಿಗೆ ಬರುವುದು ನಿಲ್ಲಲಿಲ್ಲ. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ಉಡುಪಿ, ಮಂಗಳೂರುಗಳ ತರುಣರನ್ನು ಈ ಊರಿಗೆ ಕಳುಹಿಸಿದವು. ಇವುಗಳಲ್ಲಿ ಕೆನರಾ ಬ್ಯಾಂಕಿನ ಹೊರತು ಮಿಕ್ಕ ಹೆಸರುಗಳು 2017ರಿಂದ 2020ರೊಳಗೆ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಆದರೆ ಅವು ಕರೆತಂದ ಸಂಸಾರಗಳು ಇಲ್ಲಿಯೇ ಉಳಿದುಕೊಂಡಿವೆ.

ಇದೇ ಹೊತ್ತಿಗೆ ನಗರ ಪಶ್ಚಿಮೋತ್ತರಕ್ಕೆ ಬೆಳೆಯತೊಡಗಿತು. ಅರವತ್ತರ ದಶಕದಲ್ಲಿ ರಾಮಚಂದ್ರಾಪುರದಲ್ಲಿ ಬಿ.ಎಚ್.ಇ.ಎಲ್., ಬಾಲಾನಗರದ ಸುತ್ತಿನಲ್ಲಿ ಐ.ಡಿ.ಪಿ.ಎಲ್., ಎಚ್.ಎ.ಎಲ್., ಎಚ್.ಎಂ.ಟಿ. ಕಾರ್ಖಾನೆಗಳು ಎದ್ದವು. ಕೊನೆಯ ಎರಡರ ಮೂಲಸ್ಥಾನ ಬೆಂಗಳೂರು. ಅವುಗಳೊಡನೆ ಕನ್ನಡದ ಕೆಲಸಗಾರರೂ ಬಂದರು. ಕೆರೆ, ಹೊಲ, ಹಳೆಯ ರಾಮದೇವರ ಗುಡಿಗಳ ನಡುವೆ ಹೆದ್ದಾರಿಯ ಬದಿಯ ಹಳ್ಳಿಯಾಗಿದ್ದ ಕೂಕಟ್‌ಪಲ್ಲಿ ಈ ಕಾರ್ಖಾನೆಗಳ ಮಧ್ಯಕ್ಕೆ ಸಿಕ್ಕಿತು. 1972ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ತಾಂತ್ರಿಕ ವಿಶ್ವವಿದ್ಯಾಲಯದ ಆವರಣವೂ ಇಲ್ಲಿಗೆ ಬಂದಿತು. ಆಂಧ್ರಪ್ರದೇಶ ಗೃಹಮಂಡಳಿ ಇಲ್ಲಿ ಕಟ್ಟಿದ ದೊಡ್ಡ ಬಡಾವಣೆಯನ್ನು ಕೆ.ಪಿ.ಎಚ್.ಬಿ. ಕಾಲನಿಯೆಂದು ಊರೆಲ್ಲ ಬಲ್ಲದು.

ಈ ಕಾಲನಿಯ ಒಂದು ಗುಣವನ್ನು ನಾವು ಬ್ಯಾಂಕಿನ ಅರ್ಜಿಗಳಲ್ಲಿ ವಿಳಾಸ ಓದುವಾಗಲೆಲ್ಲ ನೆನೆಯುತ್ತೇವೆ. ಇಲ್ಲಿ ಮನೆಯ ಸಂಖ್ಯೆಯ ಹಿಂದೆ ಎಲ್.ಐ.ಜಿ., ಎಂ.ಐ.ಜಿ., ಎಚ್.ಐ.ಜಿ. ಎಂದಿರುತ್ತದೆ. ಕಡಿಮೆ, ಮಧ್ಯಮ, ಹೆಚ್ಚು ವರಮಾನದವರಿಗೆಂದು ಮಂಡಳಿ ಮಾಡಿದ ವರ್ಗಗಳು ಅವು. ಮನೆ ಹಂಚುವಾಗ ನೋಡಿದ್ದು ವರಮಾನವನ್ನು. ಮನೆಯಲ್ಲಿ ಆಡುವ ಮಾತು ತೆಲುಗೊ ಕನ್ನಡವೊ ಎಂಬುದು ಆ ವರ್ಗಗಳಲ್ಲಿ ಎಲ್ಲಿಯೂ ಇರಲಿಲ್ಲ. ಹೀಗೆ ಒಂದೇ ಸಾಲಿನಲ್ಲಿ ಗುಂಟೂರಿನವರು, ಕರೀಂನಗರದವರು, ಕೇರಳದವರು, ಒಡಿಶಾದವರು, ಬೀದರದವರು ಬಂದು ಕುಳಿತರು. ಹೆದ್ದಾರಿಯೂ ಇದಕ್ಕೆ ಸಹಾಯಮಾಡಿತು. ಹಿಂದೆ 9ನೆಯದೆಂದೂ ಈಗ 65ನೆಯದೆಂದೂ ಕರೆಯುವ ಈ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಮಚಲೀಪಟ್ಟಣದ ಕಡಲತೀರ. ಇನ್ನೊಂದು ಕಡೆ ಅದು ಜಹೀರಾಬಾದು, ಹುಮನಾಬಾದುಗಳನ್ನು ಹಾದು ಸೊಲ್ಲಾಪುರ, ಪುಣೆಗಳಿಗೆ ಹೋಗುತ್ತದೆ. ಕರಾವಳಿಯ ಆಂಧ್ರರು ಆ ಕಡೆಯಿಂದ ಬಂದರು, ನಾವು ಈ ಕಡೆಯಿಂದ ಬಂದೆವು. ನಡುವೆ ಕೂಕಟ್‌ಪಲ್ಲಿಯಲ್ಲಿ ಸೇರಿದೆವು.

1998ರಲ್ಲಿ ಹೈಟೆಕ್ ಸಿಟಿ ತೆರೆದ ಮೇಲೆ ಬಂದವರು ಕಂಪ್ಯೂಟರಿನ ಕೆಲಸದವರು. 2007ರಲ್ಲಿ ಕೂಕಟ್‌ಪಲ್ಲಿ ಪುರಸಭೆಯು ಸುತ್ತಲಿನ ಇತರ ಪುರಸಭೆಗಳೊಡನೆ ಮಹಾನಗರಪಾಲಿಕೆಯಲ್ಲಿ ವಿಲೀನವಾಯಿತು. 2017ರ ನವೆಂಬರಿನಲ್ಲಿ ಮಿಯಾಪುರದಿಂದ ಅಮೀರಪೇಟೆಗೆ ಮೆಟ್ರೊ ಓಡಿತು. ಮರುವರ್ಷ ಅದು ಕೋಠಿಯನ್ನು ಹಾದು ಎಲ್.ಬಿ. ನಗರವನ್ನು ಮುಟ್ಟಿತು. ಇಂದು ಊರಿನಿಂದ ವರ್ಗವಾಗಿ ಬರುವ ಕನ್ನಡಿಗನು ನಮ್ಮನ್ನು ಕೇಳಿದರೆ, ಕೂಕಟ್‌ಪಲ್ಲಿಯಲ್ಲಿ ಮನೆ ಮಾಡಿ ಎಂದು ಹೇಳಲು ನಾವು ಹಿಂಜರಿಯುವುದಿಲ್ಲ. ರಸ್ತೆಯ ಗದ್ದಲವುಂಟು, ಬೇಸಗೆಯಲ್ಲಿ ನೀರಿನ ಟ್ಯಾಂಕರಿನ ಖರ್ಚೂ ಉಂಟು. ಆದರೆ ಶಾಲೆಗಳಿಗೆ ಕೊರತೆಯಿಲ್ಲ, ಹೊರಗಿನವರೆಂಬ ಚುಚ್ಚುಮಾತಿಲ್ಲ. ಪಕ್ಕದ ಮನೆಯ ಗುಂಟೂರಿನ ಅಮ್ಮನವರು ಗೋಂಗೂರದ ಉಪ್ಪಿನಕಾಯಿ ಕೊಟ್ಟರೆ ನಮ್ಮ ಮನೆಯಿಂದ ಜೋಳದ ರೊಟ್ಟಿ ಹೋಗುತ್ತದೆ. ಯುಗಾದಿ ಇಬ್ಬರಿಗೂ ಒಂದೇ ದಿನ.

ಇದು ಜಮೆಯ ಕಡೆಯ ಲೆಕ್ಕ. ಇನ್ನು ಖರ್ಚಿನ ಕಡೆ ನೋಡೋಣ.

ನಾವು ಕೂಕಟ್‌ಪಲ್ಲಿಯಲ್ಲಿ ಮನೆ ಹುಡುಕುವಾಗ ಶಾಲೆಯಿಂದ ಶಾಲೆಗೆ ಅಲೆದೆವು. ಶುಲ್ಕವೆಷ್ಟು, ಆಟದ ಬಯಲುಂಟೆ, ವಾಹನ ಮನೆಯ ಮುಂದೆ ಬರುವುದೆ, ಹತ್ತನೆಯ ತರಗತಿಯ ಫಲಿತಾಂಶ ಹೇಗೆ ಎಂದು ಹತ್ತೆಂಟು ಪ್ರಶ್ನೆ ಕೇಳಿದೆವು. ಕನ್ನಡ ಕಲಿಸುವಿರಾ ಎಂದು ಒಂದು ಕಡೆಯೂ ಕೇಳಲಿಲ್ಲ. ಕೇಳಿದ್ದರೆ ಇಲ್ಲವೆಂಬ ಉತ್ತರ ಬರುತ್ತಿತ್ತು ಎಂಬುದು ಬೇರೆ ಮಾತು. ಕೇಳಬೇಕೆಂದು ನಮಗೆ ತೋಚಲೇ ಇಲ್ಲ ಎಂಬುದು ನಾವು ಒಪ್ಪಿಕೊಳ್ಳಬೇಕಾದ ಮಾತು. ಕಾಚಿಗುಡದವರು ಸಭೆ ಸೇರಲು ಅಪ್ಪಣೆ ಬೇಡುವ ಕಾಲದಲ್ಲಿ ಶಾಲೆ ಕಟ್ಟಿದರು; ಸಂವಿಧಾನದ ಅಭಯವನ್ನು ಕೈಯಲ್ಲಿ ಹಿಡಿದ ನಾವು ಬಾಯಿಬಿಟ್ಟು ಕೇಳಲೂ ಇಲ್ಲ.

ಹೀಗಾಗಲು ಕಾರಣ ಔದಾಸೀನ್ಯವೊಂದೇ ಅಲ್ಲ. ಅವರು ಒಂದೆಡೆ ಗುಂಪಾಗಿದ್ದರು, ನಾವು ಚದುರಿದ್ದೇವೆ. ನಮ್ಮ ಮಕ್ಕಳು ಹತ್ತಾರು ಖಾಸಗಿ ಶಾಲೆಗಳಲ್ಲಿ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಹಂಚಿಹೋಗಿದ್ದಾರೆ. 1949ರ ನಿರ್ಣಯ ಹೇಳಿದ ಹತ್ತು ಮಕ್ಕಳು ಒಂದು ತರಗತಿಯಲ್ಲಿ ಕೂಡುವುದೇ ಇಲ್ಲ. ಎಲ್ಲರೊಡನೆ ಬೆರೆತು ಬಾಳುವ ಬಡಾವಣೆಯ ಸುಖಕ್ಕೆ ನಾವು ತೆತ್ತ ಬೆಲೆ ಇದು. ಕಾಚಿಗುಡದ ಶಾಲೆಗೆ ಕಳುಹಿಸೋಣವೆಂದರೆ ದಿನವೂ ಹದಿನೈದು ಕಿಲೋಮೀಟರಿಗೂ ಮೀರಿದ ದಾರಿ. ಎಳೆಯ ಮಕ್ಕಳಿಗೆ ಅದು ಆಗದ ಮಾತು.

ಈ ಕೊರತೆ ಕಣ್ಣಿಗೆ ಬಿದ್ದದ್ದು ಒಂದು ಸಂಜೆ. ಬೀದರದಿಂದ ಬರುವ ನಮ್ಮ ತಂದೆಯವರನ್ನು ಕರೆತರಲು ಎರಡನೆಯ ತರಗತಿಯ ಮಗಳೊಡನೆ ಹೆದ್ದಾರಿಯ ಬದಿಯಲ್ಲಿ ನಿಂತಿದ್ದೆವು. ಕರ್ನಾಟಕದ ಬಸ್ಸೊಂದು ಎದುರು ಬದಿಯಲ್ಲಿ ನಿಂತಿತು. ಹುಡುಗಿ ಅದರ ಫಲಕವನ್ನು ದಿಟ್ಟಿಸಿ, “ಬೀದರ” ಎಂದು ಓದಿಯೇಬಿಟ್ಟಳು. “ಕನ್ನಡ ಯಾವಾಗ ಕಲಿತಿಯವ್ವಾ?” ಎಂದು ಕೇಳಿದರೆ, “ಇದು ತೆಲುಗು ಅಲ್ಲೇನಪ್ಪಾ?” ಎಂದಳು. ಹಿಂದೆ ಬಂದ ಬಸ್ಸಿನ ಮೇಲೆ ಕಲಬುರಗಿ ಎಂದಿತ್ತು. ಮೊದಲನೆಯ ಅಕ್ಷರದಲ್ಲಿ ಮುಗ್ಗರಿಸಿ, “ಲಬುರಗಿ, ಲಬುರಗಿ” ಎಂದಳು. ಅಷ್ಟರಲ್ಲಿ ಆಕೆಯ ಮುತ್ಯಾ ಇಳಿದು ಬಂದರು. ಅವರಿಗೆ ಈ ಕಥೆ ಹೇಳಿದಾಗ ನಕ್ಕರು, ಮನೆ ಸೇರಿದ ಮೇಲೆ, “ಊರಿನಿಂದ ನಾ ಬರೆಯೋ ಕಾಗದ ಈ ಕೂಸು ಓದ್ತದೇನಪಾ?” ಎಂದು ಮೆಲ್ಲಗೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆದರೆ ಆ ಒಂದು ಅಕ್ಷರದ ಮುಗ್ಗರಿಕೆಯಲ್ಲಿಯೇ ಉತ್ತರವೂ ಇದೆಯೆಂದು ಬರಬರುತ್ತ ನಮಗೆ ತೋರಿತು. ತೆಲುಗು, ಕನ್ನಡ ಲಿಪಿಗಳು ಒಂದೇ ಬೇರಿನವು. ಕದಂಬ, ಚಾಲುಕ್ಯರ ಕಾಲದಿಂದ ಬಹುಕಾಲ ಒಂದೇ ಲಿಪಿಯಾಗಿದ್ದು ಮುಂದೆ ಕವಲೊಡೆದವು. ಬ, ದ, ರ, ಲ, ಗ ಮೊದಲಾದ ಅಕ್ಷರಗಳು ಇಂದಿಗೂ ಅಕ್ಕತಂಗಿಯರಂತಿವೆ. ಕ, ತ, ಶ ಮೊದಲಾದ ಕೆಲವು ಬೇರೆ. ತಲೆಕಟ್ಟಿನ ರೀತಿಯೂ ಬೇರೆ. ತೆಲಂಗಾಣ ಸರ್ಕಾರವು 2018ರ ಶಾಸನದಿಂದ ಒಂದರಿಂದ ಹತ್ತನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲಿಯೂ ತೆಲುಗನ್ನು ಕಡ್ಡಾಯಮಾಡಿದಾಗ, ನಮ್ಮವರಲ್ಲಿ ಕೆಲವರು ಕನ್ನಡಕ್ಕೆ ಬಾಗಿಲು ಮುಚ್ಚಿತೆಂದು ನೊಂದುಕೊಂಡರು. ನಮ್ಮ ಎಣಿಕೆ ಬೇರೆ. ನೆಲದ ಭಾಷೆಯನ್ನು ಕಲಿಯುವುದು ನೆರೆಯವರಿಗೆ ತೋರಿಸುವ ಮರ್ಯಾದೆ. ಕರ್ನಾಟಕಕ್ಕೆ ಬಂದವರಿಂದ ನಾವೂ ಅದನ್ನೇ ಬಯಸುತ್ತೇವೆ. ಅದಲ್ಲದೆ ತೆಲುಗು ಕಲಿತ ಮಗುವಿಗೆ ಕನ್ನಡದ ಅಕ್ಷರಮಾಲೆ ಅರ್ಧ ದಾರಿ ನಡೆದಂತೆಯೇ. ಉಳಿದರ್ಧ ದಾರಿಯನ್ನು ನಾವು ನಡೆಸಬೇಕು. ಕೆಲವು ವಾರಗಳ ಕೆಲಸ ಅದು.

ನಡೆಸುವ ಬಗೆ ಹೇಗೆ? ಸಮುದ್ರದಾಚೆಯ ಅಮೆರಿಕದಲ್ಲಿ ನಮ್ಮವರು ವಾರದ ರಜೆಯಂದು ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತಾರೆ. ಅಲ್ಲಿಯ ಮಗುವಿಗೆ ಲಿಪಿಯೂ ಹೊಸದು, ಸುತ್ತಲಿನ ಮಾತೂ ಬೇರೆ ಕುಲದ್ದು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬೀದರದಲ್ಲಿರಬಹುದಾದ ನಮಗೆ ಅಸಾಧ್ಯವೆಂದರೆ ಯಾರು ನಂಬುತ್ತಾರೆ? ಶಾಲೆ ಕಟ್ಟಲು ನಮ್ಮಲ್ಲಿ ಜಾಗವಿಲ್ಲ, ಹಣವಿಲ್ಲ, ನಿಜ. ಭಾನುವಾರ ಬೆಳಿಗ್ಗೆ ಒಂದು ಗಂಟೆಗೆ ಒಂದು ಮನೆಯ ಹಜಾರ ಸಾಕು. ನಿವೃತ್ತರಾದ ಹಿರಿಯರು ಎಷ್ಟು ಮಂದಿ ಇದೇ ಬಡಾವಣೆಯಲ್ಲಿ ಪತ್ರಿಕೆ ಓದುತ್ತ ಕುಳಿತಿಲ್ಲ! ಅವರೇ ಉಪಾಧ್ಯಾಯರಾಗಲಿ. ತೆಲುಗಿನ ಅಕ್ಷರದ ಪಕ್ಕದಲ್ಲಿ ಕನ್ನಡದ ಅಕ್ಷರ ಬರೆದು ತೋರಿಸಲಿ. ಬೇರೆಯಾಗಿರುವ ಅಕ್ಷರಗಳಿಂದಲೇ ಪಾಠ ತೊಡಗಲಿ. ಇನ್ನು ಊರಿನಿಂದ ಹೊಸದಾಗಿ ಬಂದವರು ಮನೆ ಹುಡುಕಿಕೊಡಿರೆಂದು ಕೇಳಿದಾಗ, ಶಾಲೆ, ನೀರು, ಮೆಟ್ರೊಗಳ ಜೊತೆಗೆ ಕನ್ನಡದ ತರಗತಿ ಯಾವ ಬೀದಿಯಲ್ಲಿ ನಡೆಯುತ್ತದೆಂಬುದನ್ನೂ ಹೇಳುವಂತಾಗಲಿ. ಒಳ್ಳೆಯ ಬಡಾವಣೆ ನಮ್ಮನ್ನು ಬರಮಾಡಿಕೊಳ್ಳುತ್ತದೆ, ನಿಜ. ಆದರೆ ನಮ್ಮ ಮಾತನ್ನು ಅದು ತಾನಾಗಿ ಕಾಯುವುದಿಲ್ಲ. ಆ ಕೆಲಸವನ್ನು ಕಾಚಿಗುಡದಲ್ಲಿಯೂ ಬಡಾವಣೆ ಮಾಡಲಿಲ್ಲ, ಜನ ಮಾಡಿದರು.

ಈಗ ಆ ಸಂಖ್ಯೆಗೆ ಬರೋಣ. ಒಂದು ಶಾಲೆಯ ಒಂದು ತರಗತಿಯಲ್ಲಿ ನಮ್ಮ ಹತ್ತು ಮಕ್ಕಳಿಲ್ಲ, ಸರಿ. ಆದರೆ ಇಡೀ ಕೂಕಟ್‌ಪಲ್ಲಿಯಲ್ಲಿ ಹತ್ತು ಮಕ್ಕಳಿಲ್ಲವೆ? ನಾವು ನಮ್ಮ ಒಬ್ಬಳ ಹೆಸರನ್ನು ಮೊದಲನೆಯದಾಗಿ ಬರೆದಿದ್ದೇವೆ. ಇನ್ನು ಒಂಬತ್ತು ಬೇಕು. ಸಂಘದ ಕಾರ್ಯದರ್ಶಿಗಳ ಬಳಿ ನೋಟುಪುಸ್ತಕವೊಂದನ್ನು ಇಟ್ಟಿದೆ. ರಾಜ್ಯೋತ್ಸವದ ಊಟ ಮುಗಿಸಿ ಹೊರಡುವ ಮುನ್ನ, ವಾಚಕರು ದಯವಿಟ್ಟು ಅದರಲ್ಲಿ ತಮ್ಮ ಮಕ್ಕಳ ಹೆಸರನ್ನು ಬರೆದು ಹೋಗಬೇಕೆಂದು ಕೋರುತ್ತೇವೆ.